ಸುಗಲಮ್ಮ ಹಗೆ ಹೊತ್ತು ನಡೆದಳು

ಹುಣಸಗಿಯ ಅಂಚಿನಲ್ಲಿ, ಕಾಲುವೆಗೆ ಹೋಗುವ ದಾರಿಯ ಮೇಲೆ ಸುಗಲಮ್ಮನ ಮನೆ. ಎರಡು ಕೋಣೆ, ಮುಂದೊಂದು ಕಟ್ಟೆ. ಈ ಮನೆಯಲ್ಲಿ ಅಕ್ಕ ತಂಗಿ ಇಬ್ಬರೂ ಕೂಡಿ ಬಾಳಿದವರು. ಸುಗಲಮ್ಮ ದೊಡ್ಡವಳು, ಹಣಮಮ್ಮ ಚಿಕ್ಕವಳು. ಸುಗಲಮ್ಮನಿಗೆ ಮಕ್ಕಳಾಗಲಿಲ್ಲ, ಗಂಡನೂ ಬೇಗ ತೀರಿಕೊಂಡ. ಹಣಮಮ್ಮನ ಗಂಡ ದುಡಿಯಲು ಪುಣೆ ಕಡೆ ಹೋದವನು ಅಲ್ಲೇ ಇನ್ನೊಬ್ಬಳನ್ನು ಕಟ್ಟಿಕೊಂಡು ಉಳಿದುಬಿಟ್ಟ. ಹಣಮಮ್ಮ ಕೂಸನ್ನು ಕಂಕುಳಲ್ಲಿ ಹೊತ್ತು ಅಕ್ಕನ ಮನೆಗೆ ಬಂದಳು. ಆ ಕೂಸೇ ರೇವತಿ. ಇಬ್ಬರು ತಾಯಂದಿರ ಕೈಯಲ್ಲಿ ಬೆಳೆದು, ಓದಿ, ಈಗ ಗೊಬ್ಬರದ ಅಂಗಡಿಯೊಂದರಲ್ಲಿ ಕೆಲಸಕ್ಕಿದ್ದಾಳೆ. ಹೆತ್ತವಳನ್ನು ಅವ್ವ ಎನ್ನುತ್ತಿದ್ದಳು, ಸುಗಲಮ್ಮನನ್ನು ದೊಡ್ಡವ್ವ.

ಅಕ್ಕ ತಂಗಿಯರು ಭತ್ತ ನಾಟಿ ಮಾಡುವುದರಲ್ಲಿ, ಮೆಣಸಿನಕಾಯಿ ಬಿಡಿಸುವುದರಲ್ಲಿ ಹೆಸರಾದವರು. ಸುಗಲಮ್ಮ ಶಾಲೆಯ ಮುಖ ಕಂಡವಳಲ್ಲ. ಆದರೆ ಅವಳ ನೆನಪು ಅಂಥಿಂಥದ್ದಲ್ಲ. ಯಾವ ವರ್ಷ ಯಾರ ಹೊಲದಲ್ಲಿ ಯಾರ್ಯಾರು ಕೂಲಿಗೆ ಬಂದಿದ್ದರು, ಯಾರ ಮಗಳ ಮದುವೆಯಲ್ಲಿ ಯಾರು ಮುನಿಸಿಕೊಂಡು ಎದ್ದುಹೋದರು ಎನ್ನುವುದನ್ನೆಲ್ಲ ನಿನ್ನೆ ನಡೆದಂತೆ ಹೇಳುತ್ತಿದ್ದಳು. ಮಕ್ಕಳು ಹುಟ್ಟಿದ ವರ್ಷ ಮರೆತ ತಾಯಂದಿರು ಅವಳನ್ನು ಬಂದು ಕೇಳುತ್ತಿದ್ದರು. ಅದೇ ಅವಳ ದೊಡ್ಡಸ್ತಿಕೆ. ಬೇರೆ ಆಸ್ತಿ ಅವಳಿಗೆ ಇರಲಿಲ್ಲ, ಬೇಕೆಂದೂ ಅನಿಸಿರಲಿಲ್ಲ.

ಅದು ಮೆಣಸಿನಕಾಯಿ ಬಿಡಿಸುವ ಕಾಲ. ಬೆಳಗಿನ ಮಂಜು ಇನ್ನೂ ಕಾಲುವೆಯ ನೀರಿನ ಮೇಲೆ ತೆಳ್ಳಗೆ ಹಾಸಿತ್ತು. ಅಕ್ಕ ತಂಗಿ ಬುತ್ತಿ ಕಟ್ಟಿಕೊಂಡು ದಂಡೆಯ ದಾರಿಯಲ್ಲಿ ಹೊರಟಿದ್ದರು. ಹಣಮಮ್ಮ ಒಂದು ಹೆಜ್ಜೆ ಮುಂದೆ. ಹಿಂದಿನಿಂದ ಉಸುಕು ತುಂಬಿದ ಟಿಪ್ಪರ್ ಬಂತು. ಸುಗಲಮ್ಮನ ಸೆರಗು ಗಾಳಿಗೆ ಹಾರುವಷ್ಟು ಹತ್ತಿರದಿಂದ ಹೋಗಿ ಹಣಮಮ್ಮನನ್ನು ಕೆಡವಿಕೊಂಡು ಮುಂದೆ ಹೋಯಿತು. ಸ್ವಲ್ಪ ದೂರದಲ್ಲಿ ನಿಂತಿತು. ಡ್ರೈವರ್ ಕಡೆಯ ಬಾಗಿಲು ತೆರೆಯಿತು. ಒಬ್ಬ ಮನುಷ್ಯ ಅರ್ಧ ಇಳಿದು, ಮೆಟ್ಟಿಲ ಮೇಲೆ ನಿಂತು, ಹಿಂದಕ್ಕೆ ನೋಡಿದ.

ಭಗವಂತರಾಯ. ಟಿಪ್ಪರುಗಳ ಧಣಿ. ಕಾಲುವೆಯ ದಾರಿಯಲ್ಲೇ ಅವನ ಮನೆ, ಮನೆಯ ಪಕ್ಕದಲ್ಲೇ ಅವನ ಗಾಡಿಗಳು ನಿಲ್ಲುವ ಜಾಗ. ಅವನ ಹೊಲದಲ್ಲಿ ಅಕ್ಕ ತಂಗಿ ಎಷ್ಟೋ ಸಲ ಬಗ್ಗಿ ದುಡಿದಿದ್ದರು. ಅವನ ಕಣ್ಣು ಸುಗಲಮ್ಮನ ಕಣ್ಣು ಒಂದಾದವು. ಅವನು ಮತ್ತೆ ಹತ್ತಿ ಬಾಗಿಲು ಹಾಕಿಕೊಂಡ. ಟಿಪ್ಪರ್ ಹೋಯಿತು.

ಹಣಮಮ್ಮನಿಗೆ ಇನ್ನೂ ಜೀವ ಇತ್ತು. ನೀರು ಎಂದಳು. ಸುಗಲಮ್ಮ ಬಾಟಲಿಯ ನೀರನ್ನು ಅಂಗೈಗೆ ಸುರಿದುಕೊಂಡು ತಂಗಿಯ ತುಟಿಗೆ ಹಿಡಿದಳು. ಅರ್ಧ ಕುಡಿದಳು, ಅರ್ಧ ಕೆನ್ನೆಯ ಮೇಲೆ ಹರಿಯಿತು. ಆಂಬುಲೆನ್ಸ್ ಬರುವ ಹೊತ್ತಿಗೆ ಕುಡಿಯುವ ಬಾಯಿ ನಿಂತಿತ್ತು.

ಮರುದಿನ ಭಗವಂತರಾಯನ ಆಳು ಅಂಬ್ರಪ್ಪ ಎನ್ನುವವನು ತಾನಾಗಿ ಠಾಣೆಗೆ ಹೋಗಿ, ಗಾಡಿ ಓಡಿಸಿದವನು ತಾನೇ ಎಂದು ಹೇಳಿದ. ಸುಗಲಮ್ಮ ಅದನ್ನು ಕೇಳಿದ್ದೇ ರೇವತಿಯನ್ನು ಕರೆದುಕೊಂಡು ಹೋಗಿ, ತಾನು ಕಂಡದ್ದನ್ನು ಕಂಡ ಹಾಗೆ ಹೇಳಿದಳು. ವಿಚಾರಣೆ ನಡೆದು ಭಗವಂತರಾಯನ ಮೇಲೆಯೇ ಕೇಸಾಯಿತು. ಅವನು ಜಾಮೀನಿನ ಮೇಲೆ ಹೊರಬಂದು, ತನಗೂ ಇದಕ್ಕೂ ಸಂಬಂಧವೇ ಇಲ್ಲ, ಅವತ್ತು ತಾನು ಮನೆಯಲ್ಲಿ ಮಲಗಿದ್ದೆ ಎಂದು ಹೇಳಿಕೊಂಡು ತಿರುಗಿದ. ಕಂಡವಳು ಸುಗಲಮ್ಮ ಒಬ್ಬಳೇ. ಅವಳ ಮಾತು ನಿಂತರೆ ಕೇಸು ನಿಲ್ಲುತ್ತದೆ, ಅವಳ ಮಾತು ಬಿದ್ದರೆ ಕೇಸು ಬೀಳುತ್ತದೆ ಎಂದು ಸರ್ಕಾರಿ ವಕೀಲರು ರೇವತಿಗೆ ಬಿಡಿಸಿ ಹೇಳಿದರು.

ತಂಗಿಯ ಮಣ್ಣು ಮುಗಿಸಿ ಬಂದ ದಿನ ಸುಗಲಮ್ಮ ಅಳಲಿಲ್ಲ. ಕಟ್ಟೆಯ ಮೇಲೆ ಕೂತು ರೇವತಿಗೆ ಒಂದೇ ಮಾತು ಹೇಳಿದಳು.

"ಅವನ ಹೆಸರ ನನ್ನ ಬಾಯಿಂದ ಕೋರ್ಟಿನಾಗ ಬರಬೇಕು. ಆಮ್ಯಾಲ ನಾ ಇದ್ರೇನು, ಇಲ್ಲದಿದ್ರೇನು."

ಆದರೆ ಅವಳ ಎದೆ ಅಷ್ಟು ದಿನ ಕಾಯಲಿಲ್ಲ. ಆ ಬೇಸಿಗೆಯಲ್ಲಿ ಒಂದು ಬೆಳಿಗ್ಗೆ ರೊಟ್ಟಿ ಬಡಿಯುತ್ತಿದ್ದವಳ ಎಡಗೈ ಸೋತು ಬಿತ್ತು. ಮೈಯೆಲ್ಲ ಬೆವರಿತು. ಯಾರೋ ಎದೆಯ ಮೇಲೆ ಒರಳುಕಲ್ಲು ಇಟ್ಟಂತಾಯಿತು. ಕಲಬುರಗಿಯ ದವಾಖಾನೆಯಲ್ಲಿ ಸ್ಟೆಂಟ್ ಹಾಕಿ ಬದುಕಿಸಿ ಕಳಿಸಿದರು. ಮನೆಗೆ ಬಂದ ಮೇಲೆ ನೋಡಲು ಬಂದವರೆಲ್ಲ ಒಂದೇ ಪಾಠ ಹೇಳಿದರು, ಅಲುಗಾಡಬೇಡ, ಕೊಡ ಎತ್ತಬೇಡ, ಹೊಸ್ತಿಲು ದಾಟಬೇಡ. ರೇವತಿಯೂ ಹೆದರಿದ್ದಳು. ತಾಯಿಯನ್ನು ಕಳೆದುಕೊಂಡವಳು ದೊಡ್ಡವ್ವನನ್ನೂ ಕಳೆದುಕೊಳ್ಳಲು ತಯಾರಿರಲಿಲ್ಲ. ಹೀಗಾಗಿ ಸುಗಲಮ್ಮ ಹೊರಸಿನ ಮೇಲೆ ಬಿದ್ದುಕೊಂಡಳು. ಕೂತಲ್ಲಿಗೆ ಊಟ, ಮಲಗಿದಲ್ಲಿಗೆ ಚಹಾ. ದುಡಿದು ಕಲ್ಲಾಗಿದ್ದ ಕಾಲುಗಳು ಬೆಂಡಾದವು.

ಕಾಲಿನ ಹಿಂದೆಯೇ ತಲೆಯೂ ಹೋಗತೊಡಗಿತು. ಒಲೆಯ ಮೇಲೆ ಹಾಲಿಟ್ಟು ಮರೆಯುವುದು, ಗುಳಿಗೆ ನುಂಗಿದ್ದು ಮರೆತು ಇನ್ನೊಮ್ಮೆ ನುಂಗುವುದು, ಇಲ್ಲವೆ ನುಂಗಿದ್ದೇನೆಂದುಕೊಂಡು ಬಿಟ್ಟೇಬಿಡುವುದು. ಮಾತಿನ ನಡುವೆ ಪದ ಸಿಗದೆ ಗಾಳಿಯಲ್ಲಿ ಕೈ ಆಡಿಸುತ್ತಿದ್ದಳು. ಮಗು ಹುಟ್ಟಿದ ವರ್ಷ ಕೇಳಲು ಬಂದ ನೆರೆಮನೆಯವಳಿಗೆ ಏನೇನೋ ಹೇಳಿದಳು. ಅವಳು ತಲೆಯಾಡಿಸಿ ಹೋದಳು, ಮತ್ತೆ ಬರಲಿಲ್ಲ.

ಆ ಸ್ಥಿತಿಯಲ್ಲೇ ಕೋರ್ಟಿನ ಕರೆ ಬಂತು.

ಸುರಪುರದ ಕೋರ್ಟಿಗೆ ಮೆಟ್ಟಿಲು ಹತ್ತುವಾಗಲೇ ಅವಳಿಗೆ ಏದುಸಿರು. ಕಟಕಟೆಯಲ್ಲಿ ನಿಂತು ಸರ್ಕಾರಿ ವಕೀಲರು ಕೇಳಿದ್ದಕ್ಕೆ ಹೇಗೋ ಉತ್ತರ ಕೊಟ್ಟಳು. ಟಿಪ್ಪರ್ ಬಂತು, ಭಗವಂತರಾಯ ಇಳಿದು ನೋಡಿದ, ಹೋದ. ಆಮೇಲೆ ಎದುರು ಪಕ್ಷದ ವಕೀಲ ಎದ್ದ. ಬಹಳ ಮೆತ್ತಗೆ ಮಾತಾಡುವವನು. ಕಾಲುವೆ ನಿಮ್ಮ ಎಡಕ್ಕಿತ್ತೋ ಬಲಕ್ಕಿತ್ತೋ ಎಂದ. ಅವತ್ತು ಯಾರ ಹೊಲಕ್ಕೆ ಹೊರಟಿದ್ದಿರಿ ಎಂದ. ಸುಗಲಮ್ಮ ತಡವರಿಸಿದಳು. ಎದೆ ಹೊಡೆದುಕೊಳ್ಳತೊಡಗಿತು. ಆಗ ಅವನು ಅಷ್ಟೇ ಮೆತ್ತಗೆ, ಹೋಗಲಿ, ತೀರಿಹೋದ ನಿಮ್ಮ ತಂಗಿಯ ಹೆಸರು ಹೇಳಿ ಎಂದ.

ಹೆಸರು ಬರಲಿಲ್ಲ.

ಬಾಯಿ ತೆರೆದಳು. ಮುಖ ಕಣ್ಣ ಮುಂದಿದೆ, ನಗು ಇದೆ, ಹಣೆಯ ಹಚ್ಚೆ ಇದೆ. ಹೆಸರಿಲ್ಲ. ತನ್ನ ಬೆನ್ನ ಮೇಲೆ ಹೊತ್ತು ಬೆಳೆಸಿದ ತಂಗಿಯ ಹೆಸರು. ಭಗವಂತರಾಯ ಮೂಗಿನಲ್ಲಿ ಸಣ್ಣಗೆ ನಕ್ಕದ್ದು ಅವಳಿಗೆ ಕೇಳಿಸಿತು. ಕಣ್ಣು ಕತ್ತಲಿಟ್ಟು ಕಟಕಟೆಯನ್ನು ಹಿಡಿದು ಕುಸಿದಳು. ಮ್ಯಾಜಿಸ್ಟ್ರೇಟರು ಅವಳ ಅವಸ್ಥೆ ನೋಡಿ, ಉಳಿದ ಪಾಟೀಸವಾಲನ್ನು ಅವಳು ಸುಧಾರಿಸಿಕೊಂಡ ಮೇಲೆ ನಡೆಸಲು ಮುಂದೆ ಹಾಕಿದರು.

ಬಸ್ಸಿನಲ್ಲಿ ಹುಣಸಗಿಗೆ ಮರಳುವಾಗ, ಇನ್ನೂ ಊರು ಬರುವ ಮೊದಲೇ, ಹೆಸರು ತಾನಾಗಿ ಬಂತು. ಹಣಮಮ್ಮ. ಸುಗಲಮ್ಮ ಕಿಟಕಿಯ ಸರಳಿಗೆ ಹಣೆ ಹಚ್ಚಿ ಕೂತಳು. ಆ ಮೂಗಿನ ನಗು ಕಿವಿಯಿಂದ ಹೋಗಲಿಲ್ಲ. ತಂಗಿಯನ್ನು ಅವನು ಒಮ್ಮೆ ದಾರಿಯಲ್ಲಿ ಕೊಂದ, ಇನ್ನೊಮ್ಮೆ ನನ್ನ ಬಾಯೊಳಗೆ ಕೊಂದ ಎಂದುಕೊಂಡಳು. ದುಃಖ ಅಲ್ಲ ಅದು. ದುಃಖದಲ್ಲಿ ಮೈ ಕರಗುತ್ತದೆ. ಇದು ಹೊಟ್ಟೆಯೊಳಗೆ ಗಟ್ಟಿಯಾಗಿ ಕೂತಿತು, ಮತ್ತು ಅವಳನ್ನು ನೆಟ್ಟಗೆ ಕೂರಿಸಿತು.

ಅದೇ ವಾರ ರೇವತಿಯನ್ನು ಕಾಡಿ ಬೇಡಿ ಸುರಪುರದಲ್ಲಿ ಡಾಕ್ಟರ್ ಹುಮೇರಾ ಎನ್ನುವವರ ಹತ್ತಿರ ಹೋದಳು. ಎದೆರೋಗ ನೋಡುವ, ಇನ್ನೂ ಚಿಕ್ಕ ವಯಸ್ಸಿನ ಹೆಣ್ಣುಮಗಳು. ಸುಗಲಮ್ಮ ಕೂತವಳೇ ನೆನಪಿನ ಗುಳಿಗೆ ಕೊಡಿ ಎಂದಳು. ಎದೆಯ ಮಾತೇ ಎತ್ತಲಿಲ್ಲ.

ಡಾಕ್ಟರು ನಾಡಿ, ರಕ್ತದೊತ್ತಡ ಎಲ್ಲ ನೋಡಿ, ಎದೆಯ ಸ್ಕ್ಯಾನ್ ಮಾಡಿಸಿ, ಆಮೇಲೆ ಒಂದು ವಿಚಿತ್ರ ಕೆಲಸ ಹೇಳಿದರು. ಕೈ ಊರದೆ ಕುರ್ಚಿಯಿಂದ ಎದ್ದು ನಿಲ್ಲಬೇಕು. ಸುಗಲಮ್ಮ ಮುಂದೆ ಬಾಗಿದಳು, ತೊಡೆ ನಡುಗಿತು, ಮತ್ತೆ ಕೂತುಬಿಟ್ಟಳು. ಮೊಣಕಾಲುದ್ದದ ಕೆಸರಲ್ಲಿ ದಿನವಿಡೀ ನಾಟಿ ಮಾಡಿದ ಕಾಲು ತನ್ನನ್ನೇ ಎತ್ತಲಾರದೆ ಹೋಯಿತು. ಅವಳಿಗೆ ನಾಚಿಕೆಯಾಯಿತು.

"ಅಮ್ಮಾ, ನೆನಪಿಗಂತ ಗುಳಿಗಿ ಇಲ್ರಿ," ಎಂದರು ಡಾಕ್ಟರು. "ನಿಮ್ಮ ತಲಿಗೆ ರಕ್ತ ಕಳಸೋದು ಈ ಎದಿನ. ತಲಿಯೊಳಗ ಕೂದಲಕ್ಕಿಂತ ಸಣ್ಣ ಸಣ್ಣ ರಕ್ತದ ನರ ಅದಾವ. ನೀವು ಹೊರಸು ಹಿಡಿದು ಮಲಗಿದ್ರ ಎದಿನೂ ಮೈಗಳ್ಳ ಆಗ್ತದ, ಆ ನರಗಳೂ ಸೊರಗತಾವ. ಎದಿರೋಗ ಇದ್ದವ್ರಾಗ ಯಾರ ಮೈ ಚಲೋ ದುಡಿತದ, ಅವ್ರ ತಲಿನೂ ಹೆಚ್ಚು ದಿನ ಚುರುಕ ಇರ್ತದ. ಆದ್ರ ಗ್ಯಾರಂಟಿ ಅಂತ ನಾ ಹೇಳಂಗಿಲ್ಲ."

ನಡೆಯಬೇಕು, ಆದರೆ ಒಮ್ಮೆಲೇ ಅಲ್ಲ, ದಿನದಿನಕ್ಕೆ ಸ್ವಲ್ಪ ಸ್ವಲ್ಪ ಏರಿಸುತ್ತ. ನಡೆಯುವಾಗ ಮಾತಾಡಲು ಬರಬೇಕು, ಹಾಡಲು ಬರಬಾರದು, ಅಷ್ಟು ಜೋರಿರಲಿ ಎಂದರು. ಕುರ್ಚಿಯಿಂದ ಏಳುವುದನ್ನು ರೂಢಿ ಮಾಡಬೇಕು. ಎದೆ ಹಿಡಿದರೆ ಅಲ್ಲೇ ಕೂತು ನಾಲಿಗೆಯ ಕೆಳಗೆ ಗುಳಿಗೆ ಇಟ್ಟುಕೊಳ್ಳಬೇಕು, ಹಟ ಮಾಡಬಾರದು. ಗುಳಿಗೆ ತಪ್ಪಿಸಬಾರದು. ಉಪ್ಪಿನಕಾಯಿ, ಹಪ್ಪಳ ಬಿಡಬೇಕು. ಒಬ್ಬಳೇ ಮೂಲೆಗೆ ಕೂರದೆ ನಾಲ್ಕು ಜನರ ಜೊತೆ ಮಾತಾಡಬೇಕು. ಎಲ್ಲ ಕೇಳಿಸಿಕೊಂಡು ಸುಗಲಮ್ಮ, ಮುಂದಿನ ತಾರೀಖಿನೊಳಗೆ ತಲೆ ನೆಟ್ಟಗಾಗುತ್ತದೆಯೇ ಎಂದು ಕೇಳಿದಳು. ಯಾಕಿಷ್ಟು ಅವಸರ ಎಂದರು ಡಾಕ್ಟರು.

"ಒಬ್ಬನ ಬದುಕು ಹಾಳ ಮಾಡೋದು ಅದ ರೀ," ಎಂದಳು.

ಹುಮೇರಾ ರೇವತಿಯ ಮುಖ ನೋಡಿದರು. ರೇವತಿ ಎಲ್ಲ ಹೇಳಿದಳು. ಡಾಕ್ಟರು, ಕಾರಣ ಏನೇ ಇರಲಿ ನಡೆಯುವುದು ಬಿಡಬೇಡಿ ಎಂದಷ್ಟೇ ಹೇಳಿ ಕಳಿಸಿದರು.

ಮೊದಮೊದಲು ಅಂಗಳದಲ್ಲೇ. ಗೋಡೆ ಹಿಡಿದು ಆ ಕಡೆಯಿಂದ ಈ ಕಡೆ. ಆಮೇಲೆ ಹಿಟ್ಟಿನ ಗಿರಣಿಯವರೆಗೆ. ಆಮೇಲೆ ಕಾಲುವೆಯ ಸೇತುವೆಯವರೆಗೆ. ಹಾಗೆ ಒಂದು ದಿನ ಕಾಲುವೆಯ ದಾರಿಗೆ ಕಾಲಿಟ್ಟಳು. ತಂಗಿ ಬಿದ್ದ ಜಾಗದಲ್ಲಿ ಹುಲ್ಲು ಬೆಳೆದಿತ್ತು. ಅಲ್ಲಿ ನಿಂತು, ಅವತ್ತು ಕಾಲುವೆ ಎಡಕ್ಕಿತ್ತು ಎಂದು ತನಗೆ ತಾನೇ ಗಟ್ಟಿಯಾಗಿ ಹೇಳಿದಳು. ನಡೆಯುತ್ತ ಅವತ್ತಿನ ಬೆಳಗನ್ನು ಮೊದಲಿಂದ ಕೊನೆಯತನಕ ಹೇಳಿಕೊಳ್ಳತೊಡಗಿದಳು. ಯಾರ ಹೊಲಕ್ಕೆ ಹೊರಟಿದ್ದೆವು, ಬುತ್ತಿಯಲ್ಲಿ ಏನಿತ್ತು, ಹಣಮಮ್ಮ ಯಾವ ಸೀರೆ ಉಟ್ಟಿದ್ದಳು, ಅವನು ಯಾವ ಕಾಲು ಮೆಟ್ಟಿಲ ಮೇಲಿಟ್ಟಿದ್ದ. ಉಸಿರು ಸಾಲದಾದರೆ ನಿಲ್ಲುವಳು. ಉಸಿರು ಮರಳಿದರೆ ಎಲ್ಲಿ ಬಿಟ್ಟಿದ್ದಳೋ ಅಲ್ಲಿಂದ ಎತ್ತಿಕೊಳ್ಳುವಳು.

ಸೇತುವೆ ದಾಟಿ ಮುಂದೆ ಹೋಗುವಷ್ಟು ಕಸುವು ಬಂದ ಮೇಲೆ ಅವಳು ಬೇಕೆಂದೇ ಭಗವಂತರಾಯನ ಮನೆಯ ಮುಂದಿನಿಂದ ನಡೆಯತೊಡಗಿದಳು. ಅವನು ಬೆಳಿಗ್ಗೆ ಜಗಲಿಯಲ್ಲಿ ಕುರ್ಚಿ ಹಾಕಿಕೊಂಡು ಚಹಾ ಕುಡಿಯುವ ಹೊತ್ತು ಅವಳಿಗೆ ಗೊತ್ತಿತ್ತು. ಅದೇ ಹೊತ್ತಿಗೆ ಹೋಗುವಳು. ಬಯ್ಯುತ್ತಿರಲಿಲ್ಲ, ಉಗುಳುತ್ತಿರಲಿಲ್ಲ. ಅವನ ಮುಖ ನೋಡುತ್ತ ಹೋಗುವಳು, ನೋಡುತ್ತ ಬರುವಳು. ಮೊದಲ ದಿನ ಅವನು ಪಕ್ಕದವರಿಗೆ ಕೇಳುವಂತೆ, ಮುದುಕಿ ತಲೆ ಕೆಟ್ಟು ತಿರುಗುತ್ತಿದ್ದಾಳೆ, ನೀರಿಗೆ ಗೀರಿಗೆ ಬಿದ್ದಾಳು ಎಂದ. ಸುಗಲಮ್ಮನಿಗೆ ಆ ಮಾತು ಔಷಧಿಯಂತೆ ಕೆಲಸ ಮಾಡಿತು. ಸೋಮಾರಿತನ ಬಂದ ಬೆಳಿಗ್ಗೆ, ಮಂಡಿ ನೋಯುವ ಬೆಳಿಗ್ಗೆ, ಅದನ್ನು ನೆನೆದು ಎದ್ದು ಹೊರಡುವಳು. ಒಂದು ದಿನ ಅವನ ಟಿಪ್ಪರೊಂದು ಹಿಂದಿನಿಂದ ಬಂದು ಮೈಮೇಲೆ ಬರುವಂತೆ ಹಾರನ್ ಬಾರಿಸಿ ಧೂಳೆಬ್ಬಿಸಿ ಹೋಯಿತು. ಅವಳು ದಾರಿಬದಿಯಲ್ಲಿ ಕೂತು, ನಾಲಿಗೆಯ ಕೆಳಗೆ ಗುಳಿಗೆ ಇಟ್ಟುಕೊಂಡು, ನಡುಕ ನಿಂತ ಮೇಲೆ ಎದ್ದು ಮುಂದಕ್ಕೇ ನಡೆದಳು. ಹಿಂದೆ ತಿರುಗಲಿಲ್ಲ.

ರೇವತಿಗೆ ಇದು ತಿಳಿದು ಬಹಳ ಹೆದರಿದಳು. ಸಾಕು ದೊಡ್ಡವ್ವಾ, ಹೋದವಳು ಬರುವುದಿಲ್ಲ, ಕೇಸು ಬಿಟ್ಟುಬಿಡೋಣ ಎಂದು ಅತ್ತಳು. ಸುಗಲಮ್ಮ ಅವಳ ತಲೆ ಸವರಿದಳು, ಆದರೆ ಒಪ್ಪಲಿಲ್ಲ. ನಿನ್ನವ್ವನಿಗೆ ನೀನು ಅಳು, ನನ್ನ ತಂಗಿಗೆ ನಾನು ಮಾಡಬೇಕಾದ್ದನ್ನು ಮಾಡುತ್ತೇನೆ ಎಂದಳು.

ದಿನ ಕಳೆದಂತೆ ಬದಲಾವಣೆ ತಿಳಿಯದ ಹಾಗೆ ಬಂತು. ಒಂದು ದಿನ ಹಾಲು ಉಕ್ಕುವ ಮೊದಲೇ ಎದ್ದು ಇಳಿಸಿದಳು. ಅಂಗಡಿಗೆ ಹೋಗಿ ತರಬೇಕಾದ್ದನ್ನೆಲ್ಲ ನೆನಪಿಟ್ಟು ತಂದಳು. ಡಾಕ್ಟರರ ಮುಂದೆ ಕೈ ಊರದೆ ಕುರ್ಚಿಯಿಂದ ಎದ್ದು ನಿಂತಾಗ ಹುಮೇರಾ ನಕ್ಕರು. ಹಳೆಯ ಸುಗಲಮ್ಮ ಪೂರ್ತಿ ಮರಳಲಿಲ್ಲ. ಕೆಲವು ಹೆಸರುಗಳು ಈಗಲೂ ಕೈ ತಪ್ಪುತ್ತಿದ್ದವು. ಆದರೆ ಆ ಬೆಳಗು ಮಾತ್ರ ಹೊಳೆಯಲ್ಲಿ ತೊಳೆದ ಕಲ್ಲಿನಂತೆ ಸ್ಪಷ್ಟವಾಗಿತ್ತು.

ಈ ನಡುವೆ ಭಗವಂತರಾಯನಿಗೂ ಎದೆ ನೋವು ಬಂತು. ಸೊಲ್ಲಾಪುರಕ್ಕೆ ಒಯ್ದು ಸ್ಟೆಂಟ್ ಹಾಕಿಸಿ ತಂದರು. ಹೆಂಡತಿ ಸಾವಿತ್ರಿಬಾಯಿ ಅವನನ್ನು ಜಗಲಿಯಿಂದ ಕೆಳಗಿಳಿಯಲು ಬಿಡಲಿಲ್ಲ. ಅವನಿಗೂ ಜೀವಭಯ. ಕುರ್ಚಿಯಲ್ಲೇ ಊಟ, ಕುರ್ಚಿಯಲ್ಲೇ ನಿದ್ದೆ. ಮೈ ಊದಿಕೊಂಡಿತು, ಕಣ್ಣು ಮಂಕಾಯಿತು. ಒಂದು ಬೆಳಿಗ್ಗೆ ಸುಗಲಮ್ಮ ಹಾದುಹೋಗುವಾಗ ಅವನು ಹೆಂಡತಿಯನ್ನು ಕೂಗಿ, ಚಹಾ ಯಾಕೆ ಕೊಡಲಿಲ್ಲ ಎಂದು ಬಯ್ಯುತ್ತಿದ್ದ. ಖಾಲಿ ಕಪ್ಪು ಅವನ ಕೈಯಲ್ಲೇ ಇತ್ತು.

ಸುಗಲಮ್ಮನ ಕಾಲು ಅಲ್ಲೇ ನಿಂತಿತು. ಊರಲ್ಲಿ ಬೇರೆ ಯಾರಿಗೂ ತಿಳಿಯದ್ದು ಅವಳಿಗೆ ತಿಳಿಯಿತು. ತಾನು ಹೋಗಿ ಬಂದ ದಾರಿ ಅದು. ಅವನನ್ನು ಎಬ್ಬಿಸಿ ನಡೆಸಿದರೆ ಉಳಿದಾನು, ಕೂರಿಸಿದರೆ ಕರಗಿ ಹೋಗುತ್ತಾನೆ. ಒಂದು ಮಾತು ಹೇಳಿದ್ದರೆ ಸಾಕಿತ್ತು. ಅವಳು ಹೇಳಲಿಲ್ಲ. ಮನೆಗೆ ಬರುವ ದಾರಿಯುದ್ದಕ್ಕೂ ಅವಳ ಮನಸ್ಸು ಹಬ್ಬದ ಮನೆಯಂತಿತ್ತು. ಕೂತಿರಲಿ, ಅಲ್ಲೇ ಕೂತು ಕೊಳೆಯಲಿ ಎಂದುಕೊಂಡಳು. ಅಂದು ಎರಡು ರೊಟ್ಟಿ ಹೆಚ್ಚಿಗೆ ಉಂಡಳು.

ತಾರೀಖು ಬಂತು. ಈ ಸಲ ಕೋರ್ಟಿನ ಮೆಟ್ಟಿಲನ್ನು ಅವಳು ರೇವತಿಗಿಂತ ಮೊದಲು ಹತ್ತಿ ನಿಂತಿದ್ದಳು. ಮೆತ್ತಗಿನ ಮಾತಿನ ವಕೀಲ ಎದ್ದು, ಹೋದ ಸಲ ನಿಮಗೆ ನಿಮ್ಮ ತಂಗಿಯ ಹೆಸರೇ ನೆನಪಿರಲಿಲ್ಲ ಅಲ್ಲವೇ ಎಂದು ಶುರುಮಾಡಿದ.

"ಇರಲಿಲ್ರಿ," ಎಂದಳು ಸುಗಲಮ್ಮ. "ಆವತ್ತ ನನ್ನ ಎದಿ ಸೋತಿತ್ತು, ಅದರ ಕೂಡ ತಲಿನೂ ಸೋತಿತ್ತು. ನನ್ನ ತಂಗಿ ಹೆಸರ ಹಣಮಮ್ಮ. ಕೇಳ್ರಿ ಈಗ, ಏನ್ ಕೇಳ್ತೀರಿ."

ಅವನು ಕೇಳಿದ. ಎಡ ಬಲ ಕೇಳಿದ, ಹೊಲ ಕೇಳಿದ, ಮಂಜಿನಲ್ಲಿ ಮುಖ ಹೇಗೆ ಕಂಡಿತು ಎಂದು ಕೇಳಿದ. ಮಂಜು ನೀರಿನ ಮೇಲಿತ್ತು, ದಾರಿಯ ಮೇಲೆ ಇರಲಿಲ್ಲ ಎಂದಳು. ಒಂದೇ ಪ್ರಶ್ನೆಯನ್ನು ತಿರುಗಿಸಿ ಮುರುಗಿಸಿ ಕೇಳಿದ. ಅವಳು ಅವಸರ ಮಾಡಲಿಲ್ಲ. ದಂಡೆಯ ಮೇಲೆ ನಡೆಯುವಂತೆ, ಉಸಿರು ನೋಡಿಕೊಂಡು, ಒಂದೊಂದೇ ಹೆಜ್ಜೆ ಇಟ್ಟಳು. ಗೊತ್ತಿಲ್ಲದ್ದಕ್ಕೆ ಗೊತ್ತಿಲ್ಲ ಎಂದಳು. ಕೊನೆಗೆ ಅವನೇ ಸುಸ್ತಾಗಿ, ನಿಮಗೆ ನಮ್ಮ ಕಕ್ಷಿದಾರರ ಮೇಲೆ ದ್ವೇಷ ಇದೆ ಎಂದ.

"ಅದ ರೀ," ಎಂದಳು. "ದ್ವೇಷ ಇಲ್ಲ ಅಂದ್ರ ಸುಳ್ಳ ಹೇಳಿದಂಗ ಆಗ್ತದ. ಆದ್ರ ನಾ ಕಂಡದ್ದಕ್ಕ ಅವನ ಮ್ಯಾಲ ದ್ವೇಷ ಅದ. ದ್ವೇಷ ಅದ ಅಂತ ಕಂಡಿಲ್ಲ."

ಮ್ಯಾಜಿಸ್ಟ್ರೇಟರು ಅದನ್ನು ಹಾಗೆಯೇ ಬರೆಸಿದರು.

ಮುಂದಿನ ತಾರೀಖಿಗೆ ಭಗವಂತರಾಯನ ಹೇಳಿಕೆ. ಸಾಕ್ಷಿಗಳು ಹೇಳಿದ್ದನ್ನು ಒಂದೊಂದಾಗಿ ಹೇಳಿ, ಇದಕ್ಕೆ ಏನನ್ನುತ್ತೀರಿ ಎಂದು ಆರೋಪಿಯನ್ನು ಕೇಳುವ ದಿನ. ಸುಗಲಮ್ಮನಿಗೆ ಅವತ್ತು ಕೆಲಸವಿರಲಿಲ್ಲ. ಆದರೂ ಹೋಗಿ ಹಿಂದಿನ ಬೆಂಚಿನಲ್ಲಿ ಕೂತಳು. ವಕೀಲ ಅವನಿಗೆ, ಏನೇ ಕೇಳಿದರೂ ಸುಳ್ಳು ಎನ್ನಿ ಎಂದು ಹೊರಗೆ ಹೇಳಿಕೊಡುತ್ತಿದ್ದುದನ್ನು ರೇವತಿ ಕೇಳಿಸಿಕೊಂಡಿದ್ದಳು.

ಮೊದಲ ಪ್ರಶ್ನೆಗಳಿಗೆ ಅವನು ಹೇಳಿಕೊಟ್ಟಂತೆ, ಸುಳ್ಳ್ರಿ, ಸುಳ್ಳ್ರಿ ಎಂದ. ಆಮೇಲೆ ಮ್ಯಾಜಿಸ್ಟ್ರೇಟರು, ನೀವು ಗಾಡಿ ನಿಲ್ಲಿಸಿ, ಇಳಿದು ಹಿಂದೆ ನೋಡಿ, ಸಹಾಯ ಮಾಡದೆ ಹೋದಿರಿ ಎಂದು ಸಾಕ್ಷಿ ಹೇಳಿದ್ದಾರೆ, ಅದಕ್ಕೇನು ಹೇಳುತ್ತೀರಿ ಎಂದರು. ಭಗವಂತರಾಯನ ಮುಖದಲ್ಲಿ ಏನೋ ಅಳಿಸಿದಂತಾಯಿತು. ವಕೀಲನ ಕಡೆ ನೋಡಿದ, ಮೇಲೆ ಫ್ಯಾನಿನ ಕಡೆ ನೋಡಿದ. ಹೇಳಿಕೊಟ್ಟ ಸುಳ್ಳು ಅವನಿಗೆ ಸಿಗಲಿಲ್ಲ. ಸಿಕ್ಕದ್ದು ನಿಜ.

"ನಿಂದ್ರಿಸಿದ್ನಲ್ಲರಿ," ಎಂದ, ತನ್ನ ಮೇಲೆ ಅನ್ಯಾಯದ ಮಾತು ಬಂದಂತೆ ಸಿಡುಕಿ. "ಇಳಿದು ನೋಡಿದೆ. ಅಕಿ ಹೋಗಿಬಿಟ್ಟಿದ್ಲು. ಹೋದಕಿ ಮುಂದ ನಿಂತು ನಾ ಏನ್ ಮಾಡ್ಲಿ?"

ವಕೀಲ ಗಡಬಡಿಸಿ ಎದ್ದು ನಿಂತ. ಆಗ ಹಿಂದಿನ ಬೆಂಚಿನಿಂದ ಸುಗಲಮ್ಮ ಎದ್ದಳು.

"ಹೋಗಿರಲಿಲ್ಲ ಅಕಿ. ನೀರ ಕೇಳಿದ್ಲು."

ಮ್ಯಾಜಿಸ್ಟ್ರೇಟರು ಅವಳನ್ನು ಕೂರಲು ಹೇಳಿದರು. ಅವಳು ಕೂತಳು. ಭಗವಂತರಾಯ ತಿರುಗಿ ನೋಡಿದ, ಅವಳು ಯಾರೆಂದು ಹುಡುಕುವವನಂತೆ.

ಆಮೇಲೆ ಅದೇ ವಕೀಲ, ತನ್ನ ಕಕ್ಷಿದಾರ ಹೃದ್ರೋಗಿ, ಅವನ ಬುದ್ಧಿ ಮೊದಲಿನಂತಿಲ್ಲ, ಅವನ ಮಾತನ್ನು ಹಿಡಿಯಬಾರದು ಎಂದು ವಾದಿಸಿದ. ಸರ್ಕಾರಿ ವಕೀಲರು, ಅವನ ಮಾತು ಬೇಡ ಎಂದರೂ ಸುಗಲಮ್ಮನ ಮಾತು ಇದೆ ಎಂದರು. ತೀರ್ಪು ಬಂದಾಗ ಭಗವಂತರಾಯ ಅಪರಾಧಿ ಎಂದಾಯಿತು. ಒಂದು ವರ್ಷದ ಶಿಕ್ಷೆ. ಯಾದಗಿರಿಯ ಜಿಲ್ಲಾ ಕೋರ್ಟಿಗೆ ಅಪೀಲು ಹಾಕಿ, ಅದು ಮುಗಿಯುವವರೆಗೆ ಜಾಮೀನು ಪಡೆದು ಅವನು ಮನೆಗೆ ಬಂದ. ಮತ್ತೆ ಅದೇ ಜಗಲಿ, ಅದೇ ಕುರ್ಚಿ.

ಕೆಲವು ವಾರಗಳ ಮೇಲೆ ಸಾವಿತ್ರಿಬಾಯಿ ಸುಗಲಮ್ಮನ ಮನೆಗೆ ಬಂದಳು. ಕಟ್ಟೆಯ ಮೇಲೆ ಕೂರಲೂ ಸಂಕೋಚಪಟ್ಟು, ಸೆರಗಿನ ತುದಿ ಹಿಡಿದು ನಿಂತಳು. ಗಂಡ ಈಗ ಕೋರ್ಟನ್ನೇ ಮರೆತಿದ್ದಾನೆ ಎಂದಳು. ಯಾಕೆ ಜಾಮೀನು, ಯಾವ ಹೆಂಗಸು, ಎಂಥ ಶಿಕ್ಷೆ ಎಂದು ಕೇಳುತ್ತಾನೆ. ತಾನು ತಪ್ಪು ಮಾಡಿದ್ದೇ ಅವನ ತಲೆಯಲ್ಲಿಲ್ಲ. ಮಕ್ಕಳಂತೆ ನಗುತ್ತಾನೆ. ನೀನೂ ಹೀಗೇ ಆಗಿದ್ದೆಯಂತೆ, ನೆಟ್ಟಗಾದದ್ದು ಹೇಗೆ ಎಂದು ಹೇಳು ಎಂದು ಕೇಳಿದಳು. ನಿನ್ನ ಕಾಲು ಹಿಡಿಯುತ್ತೇನೆ ಎಂದಳು.

ಸುಗಲಮ್ಮನಿಗೆ ಮೊದಲು ಬಂದದ್ದು ಇಲ್ಲ ಎನ್ನುವ ಮಾತೇ. ಅದು ನಾಲಿಗೆಯ ತುದಿಗೆ ಬಂದಿತ್ತು. ಆದರೆ, ತಪ್ಪು ಮಾಡಿದ್ದೇ ಅವನ ತಲೆಯಲ್ಲಿಲ್ಲ ಎಂಬ ಮಾತು ಅವಳನ್ನು ತಿವಿಯಿತು. ಎಲ್ಲ ಮರೆತು ಜಗಲಿಯಲ್ಲಿ ಹಾಯಾಗಿ ನಗುತ್ತ ಕೂತಿದ್ದಾನೆ. ಇಷ್ಟು ದಿನ ತಾನು ಸಂಭ್ರಮಪಟ್ಟದ್ದು ಇದಕ್ಕೇ. ಆ ಸಂಭ್ರಮ ಈಗ ಬಾಯಲ್ಲಿ ಕಹಿಯಾಯಿತು. ಮರೆವು ಅವನಿಗೆ ಶಿಕ್ಷೆಯಲ್ಲ, ಅವನು ತಪ್ಪಿಸಿಕೊಂಡು ಹೋಗುತ್ತಿರುವ ಬಾಗಿಲು.

"ಕೂಡವ್ವಾ," ಎಂದಳು. "ಎಲ್ಲಾ ಹೇಳ್ತೀನಿ. ಆದ್ರ ಕನಿಕರಕ್ಕ ಹೇಳಾಕತ್ತೀನಿ ಅಂತ ತಿಳಿಬ್ಯಾಡ. ಅವನ ಕಾಲ ಗಟ್ಟಿ ಇರ್ಬೇಕು, ತಲಿ ನೆಟ್ಟಗ ಇರ್ಬೇಕು. ತಾ ಏನ್ ಮಾಡೀನಿ ಅನ್ನೋದು ಅಂವ ಮರೀಬಾರದು. ಜೈಲಿಗಿ ಹೋಗೂವಾಗ ಯಾಕ ಹೊಂಟೀನಿ ಅಂತ ಅವಗ ಗೊತ್ತಿರ್ಬೇಕು."

ಸಾವಿತ್ರಿಬಾಯಿ ಮುಖ ಮೇಲೆತ್ತಲಿಲ್ಲ. ಆದರೆ ಕೂತಳು. ಸುಗಲಮ್ಮ ಕುರ್ಚಿಯಿಂದ ಏಳುವುದರಿಂದ ಹಿಡಿದು ಉಪ್ಪಿನಕಾಯಿಯವರೆಗೆ ಎಲ್ಲವನ್ನೂ ಹೇಳಿಕೊಟ್ಟಳು. ಮೊದಲು ಡಾಕ್ಟರ್ ಹುಮೇರಾ ಅವರಿಗೆ ತೋರಿಸಬೇಕು, ಅವರು ಹೂಂ ಎಂದ ಮೇಲೆಯೇ ನಡೆಸಬೇಕು, ಗಂಡ ಅತ್ತು ಕರೆದರೂ ಬಿಡಬಾರದು ಎಂದಳು.

ಮಳೆಗಾಲ ಮುಗಿಯುವ ಹೊತ್ತಿಗೆ ಭಗವಂತರಾಯ ಹೆಂಡತಿಯ ಭುಜ ಹಿಡಿದು ಕಾಲುವೆಯ ದಾರಿಗೆ ಬರತೊಡಗಿದ. ಮೊದಲು ಗೇಟಿನವರೆಗೆ, ಆಮೇಲೆ ಸೇತುವೆಯ ಕಡೆಗೆ. ಸುಗಲಮ್ಮ ಎದುರಿನಿಂದ ಬರುವಳು. ಬಹಳ ದಿನ ಅವನು ಅವಳನ್ನು ಯಾರೋ ದಾರಿಹೋಕಳಂತೆ ನೋಡಿ ನಗುತ್ತಿದ್ದ. ಅವಳು ಹಲ್ಲು ಕಚ್ಚಿ ಮುಂದೆ ಹೋಗುವಳು. ಸಾವಿತ್ರಿಬಾಯಿ ಹಟ ಬಿಡಲಿಲ್ಲ. ಹತ್ತಿ ಬಿಡಿಸುವ ಕಾಲಕ್ಕೆ ಅವನ ನಡಿಗೆ ನೆಟ್ಟಗಾಯಿತು, ಹೆಂಡತಿಯ ಭುಜ ಬಿಟ್ಟ.

ಒಂದು ಬೆಳಿಗ್ಗೆ ಅವನು ಎದುರು ಬಂದವನು ನಗಲಿಲ್ಲ. ನಿಂತ. ಸುಗಲಮ್ಮನ ಮುಖ ನೋಡಿದ, ಆಮೇಲೆ ದಾರಿಯ ಬದಿಯ ಹುಲ್ಲನ್ನು ನೋಡಿದ. ಅವನ ಬಣ್ಣ ಇಳಿಯಿತು. ಕಣ್ಣು ಕೆಳಗೆ ಹಾಕಿದ. ಅವಳು ಅವನ ಪಕ್ಕದಿಂದಲೇ, ಸೆರಗು ತಾಗುವಷ್ಟು ಹತ್ತಿರದಿಂದ, ದಾಟಿ ಹೋದಳು. ಅವತ್ತಿನಿಂದ ಅವನು ಅವಳನ್ನು ಕಂಡರೆ ದಾರಿ ಬಿಟ್ಟು ನಿಲ್ಲುತ್ತಿದ್ದ. ರಾತ್ರಿ ನಿದ್ದೆಯಲ್ಲಿ ನೀರು ಕೊಡು, ಅವಳಿಗೆ ನೀರು ಕೊಡು ಎಂದು ಕನವರಿಸುತ್ತಾನೆ ಎಂದು ಸಾವಿತ್ರಿಬಾಯಿ ಯಾರಿಗೋ ಹೇಳಿದ ಮಾತು ಸುಗಲಮ್ಮನ ಕಿವಿಗೂ ಬಂತು. ಅವಳಿಗೆ ಪಾಪ ಎನಿಸಲಿಲ್ಲ. ಹೊಟ್ಟೆ ತುಂಬಿದಂತಾಯಿತು.

ಯಾದಗಿರಿಯಲ್ಲಿ ಅಪೀಲು ವಜಾ ಆದ ದಿನ ಅವಳೂ ರೇವತಿಯೂ ಅಲ್ಲಿದ್ದರು. ಅವನ ವಕೀಲ ಈ ಸಲ ಕಕ್ಷಿದಾರನ ಬುದ್ಧಿ ಸರಿಯಿಲ್ಲ ಎನ್ನುವ ಮಾತೆತ್ತಲಿಲ್ಲ, ಎತ್ತುವ ಹಾಗೂ ಇರಲಿಲ್ಲ. ಪೊಲೀಸರು ಕರೆದೊಯ್ಯುವಾಗ ಭಗವಂತರಾಯ ಯಾರ ಆಸರೆಯೂ ಇಲ್ಲದೆ ಮೆಟ್ಟಿಲು ಇಳಿದ. ಅವಳ ಮುಂದೆ ಬಂದಾಗ ಏನೋ ಹೇಳಲು ಬಾಯಿ ತೆರೆದ. ಅವಳು ಮುಖ ತಿರುಗಿಸಲಿಲ್ಲ, ಕೇಳುವ ಆಸೆಯನ್ನೂ ತೋರಲಿಲ್ಲ. ಅವನು ಹೇಳದೆ ವ್ಯಾನ್ ಹತ್ತಿದ.

ಮರಳುವಾಗ ಶಹಾಪುರದಲ್ಲಿ ಬಸ್ಸು ಬದಲಿಸಬೇಕಿತ್ತು. ನಿಲ್ದಾಣದ ಕಲ್ಲುಬೆಂಚಿನಲ್ಲಿ ಕೂತ ರೇವತಿ ಬಹಳ ಹೊತ್ತು ಅತ್ತಳು. ತಾಯಿ ತೀರಿದ ಮೇಲೆ ಅವಳು ಹೀಗೆ ಅತ್ತಿರಲಿಲ್ಲ. ಆಮೇಲೆ ಕಣ್ಣೊರೆಸಿಕೊಂಡು, ಈಗ ಸಮಾಧಾನ ಆಯಿತೇ ದೊಡ್ಡವ್ವಾ ಎಂದು ಕೇಳಿದಳು. ಸುಗಲಮ್ಮ ಯೋಚಿಸಿದಳು. ಸಮಾಧಾನ ಎಂದರೆ ಏನೋ, ಅದು ಅವಳಿಗೆ ತಿಳಿಯಲಿಲ್ಲ. ಎದೆ ಮಾತ್ರ ತನ್ನ ಪಾಡಿಗೆ, ಅವಸರವಿಲ್ಲದೆ, ಹೊಡೆದುಕೊಳ್ಳುತ್ತಿತ್ತು.

"ಹಸಿವಾಗ್ಯಾದ," ಎಂದಳು. "ನಡಿ, ಏನರ ತಿನ್ನೂಣು."